ಪಿಸ್ಟನ್ ನಿಂತ ಗಳಿಗೆ



ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ಮುಗಿದು ದ್ರಾಕ್ಷಿ ಕಡ್ಡಿಗಳಲ್ಲಿ ಕಣ್ಣು ಒಡೆಯುವ ಹೊತ್ತಿಗೆ ವಿಜಯಪುರ ಜಿಲ್ಲೆಯ ಹೊನವಾಡ, ತಿಕೋಟಾ, ಬಬಲೇಶ್ವರದ ತೋಟಗಳಲ್ಲಿ ಔಷಧ ಹೊಡೆಯುವ ಬ್ಲೋವರುಗಳ ಸದ್ದು ಶುರುವಾಗುತ್ತದೆ. ಸಾಲಿನ ನಡುವೆ ಹಿಡಿಸುವಂಥ ಸಣ್ಣ ಟ್ರ್ಯಾಕ್ಟರು, ಅದರ ಬೆನ್ನಿಗೆ ಔಷಧದ ಟಾಕಿ, ಟಾಕಿಯ ಹಿಂದೆ ಗಾಳಿ ಉಗುಳುವ ಪಂಕ. ನಡಿಗೆ ನಿಧಾನವಾದರೂ ಎಂಜಿನ್ ಮಾತ್ರ ಏರಿಸಿದ ದನಿಯನ್ನು ಇಳಿಸುವುದಿಲ್ಲ. ಪಂಕಕ್ಕೆ ಬೇಕಾದ ಶಕ್ತಿಯನ್ನು ತಾಸುಗಟ್ಟಲೆ ಒಂದೇ ಸಮ ಕೊಡುತ್ತ ಸಾಲಿನಿಂದ ಸಾಲಿಗೆ ಹೊರಳುತ್ತದೆ. ಬೇಸಿಗೆಯಲ್ಲಿ ಇದೇ ಊರುಗಳ ರಸ್ತೆಯ ಮೇಲೆ ದೊಡ್ಡ ಟ್ರ್ಯಾಕ್ಟರುಗಳು ನೀರಿನ ಟ್ಯಾಂಕರ್ ಎಳೆಯುತ್ತವೆ. ಬರ ಬಿದ್ದ ವರ್ಷಗಳಲ್ಲಿ ಬಳ್ಳಿ ಉಳಿಸಿಕೊಳ್ಳಲು ಇಲ್ಲಿಯ ರೈತರು ನೀರನ್ನೇ ಕೊಂಡು ಹಾಯಿಸಿದ್ದಾರೆ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಕಾಣುವ ಸೀಮೆ, ಒಣಗಿ ಹಾರುವ ಎರೆಮಣ್ಣಿನ ಹುಡಿ, ಭಾರ ಹೊತ್ತ ಎಂಜಿನ್. ಈ ಮೂರೂ ಕೂಡಿದ ಕಡೆ ಮಿಸ್ತ್ರಿಗಳಿಗೆ ಕೆಲಸ ತಪ್ಪುವುದಿಲ್ಲ.

"ಇಂಜಿನ್ ಎಣ್ಣಿ ಕುಡ್ಯಾಕ ಹತ್ತೈತ್ರಿ" ಎನ್ನುತ್ತಾನೆ ರೈತ. "ರಿಂಗ್ ಹೋಗ್ಯಾವ್ರಿ, ಬೋರ್ ತಿಂದೈತಿ" ಎನ್ನುತ್ತಾನೆ ಮಿಸ್ತ್ರಿ. ಎರಡು ಮಾತಿನಲ್ಲಿ ರೋಗವೂ ಗೊತ್ತಾಯಿತು, ಕಾರಣವೂ ಗೊತ್ತಾಯಿತು. ಆದರೆ ಬೋರು ತಿಂದದ್ದು ಎಲ್ಲಿ, ಯಾಕೆ ಅಲ್ಲಿಯೇ ತಿಂದಿತು ಎನ್ನುವುದು ಆ ಮಾತಿನೊಳಗೆ ಇಲ್ಲ. ಅದಕ್ಕೆ ಲೈನರನ್ನೇ, ಅಂದರೆ ಪಿಸ್ಟನ್ ಓಡಾಡುವ ಬೋರಿನ ಒಳಕೊಳವೆಯನ್ನೇ ಕೇಳಬೇಕು.

ಬಿಚ್ಚಿದ ಎಂಜಿನ್ನಿನ ಲೈನರ್ ಹೊರಗೆ ತೆಗೆದು ಒಳಮೈಗೆ ಬೆರಳು ಆಡಿಸಿದರೆ ಕೆಳಗೂ ನಡುವೆಯೂ ನುಣ್ಣಗೆ ಜಾರುತ್ತದೆ. ಮೇಲ್ತುದಿಗೆ ಸ್ವಲ್ಪ ಕೆಳಗೆ ಉಗುರು ಒಂದು ಅಂಚಿಗೆ ತಟ್ಟಿ ನಿಲ್ಲುತ್ತದೆ. ಅಂಚಿನ ಮೇಲಿರುವುದು ರಿಂಗು ಎಂದೂ ಮುಟ್ಟದ ಲೋಹ. ಕೆಳಗಿರುವುದು ರಿಂಗು ತಿಂದು ಬಿಟ್ಟದ್ದು. ಸವೆತ ಎಲ್ಲಕ್ಕಿಂತ ಆಳವಾಗಿರುವುದು ಈ ಅಂಚಿಗೆ ತಾಗಿಕೊಂಡೇ. ಪಿಸ್ಟನ್ ಜೋರಾಗಿ ಓಡುವುದು ಬೋರಿನ ನಡುವೆ, ಅಲ್ಲಿ ಸವೆತ ಕಡಿಮೆ. ಮೇಲೆ ಹತ್ತಿ, ಕೆಳಗೆ ತಿರುಗುವ ಮುನ್ನ ಅದು ಗಳಿಗೆ ಮಾತ್ರ ನಿಲ್ಲುವ ಜಾಗದಲ್ಲಿ ಸವೆತ ಹೆಚ್ಚು. ಓಡಿದರೆ ಸವೆಯುತ್ತದೆ ಎಂದು ಎಲ್ಲರೂ ನಂಬಿರುತ್ತೇವೆ. ಲೈನರ್ ಹೇಳುವುದು ಬೇರೆಯೇ ಕತೆ. ಪಿಸ್ಟನ್ ಮತ್ತು ರಿಂಗುಗಳ ವಿನ್ಯಾಸದಲ್ಲಿ ಇಷ್ಟು ವರ್ಷ ನಡೆದ ಕೆಲಸದ ಬಹುಪಾಲು ಆ ನಿಲ್ಲುವ ಗಳಿಗೆಯನ್ನು ದಾಟಿಸುವ ಕೆಲಸ.

ಲೆಕ್ಕ ಹಿಡಿಯಲು ಈ ಸೀಮೆಯವರಿಗೆ ಗುರುತಿನ ಎಂಜಿನ್ ಒಂದು ಸಾಕು. ಕರೆಂಟು ಬರುವ ಮುಂಚೆ, ಬಂದ ಮೇಲೂ ಅದನ್ನು ನಂಬಲಾಗದ ದಿನಗಳಲ್ಲಿ, ಬಾವಿಯ ದಂಡೆಯಲ್ಲಿ ನೀರೆತ್ತುತ್ತಿದ್ದ ಕಿರ್ಲೋಸ್ಕರ್ ಡೀಸೆಲ್ ಎಂಜಿನ್. ಆ ಹೆಸರಿನ ಬೇರು ಉತ್ತರ ಕರ್ನಾಟಕದಲ್ಲೇ ಇದೆ. ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು 1869ರಲ್ಲಿ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು ಕೆಲಸ ಶುರು ಮಾಡಿದರು. ಆಮೇಲೆ ಕಬ್ಬಿಣದ ನೇಗಿಲು ಬಂತು, 1910ರಲ್ಲಿ ಈಗಿನ ಸಾಂಗ್ಲಿ ಜಿಲ್ಲೆಯಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. ಡೀಸೆಲ್ ಎಂಜಿನ್ ಮಾಡಲೆಂದೇ ಪುಣೆಯಲ್ಲಿ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಕಂಪನಿ ಹುಟ್ಟಿದ್ದು 1946ರಲ್ಲಿ. ಅದರ 5 ಅಶ್ವಶಕ್ತಿಯ ಒಂಟಿ ಸಿಲಿಂಡರಿನ ಎವಿ-1 ಎಂಜಿನ್ ಹೊಲದಲ್ಲಷ್ಟೇ ಉಳಿಯಲಿಲ್ಲ. ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಹೊಂಗೆ ಎಣ್ಣೆಯಂಥ ಇಂಧನಗಳನ್ನು ಪರೀಕ್ಷೆ ಮಾಡುವವರು ಇದನ್ನೋ, ಇದರ ಅಣ್ಣನಂಥ ಟಿವಿ-1 ಮಾದರಿಯನ್ನೋ ಇಟ್ಟುಕೊಂಡೇ ಕೂರುತ್ತಾರೆ.

ಎವಿ-1ರ ಬೋರು 80 ಮಿಲಿಮೀಟರ್, ಸ್ಟ್ರೋಕು, ಅಂದರೆ ಪಿಸ್ಟನ್ ಒಮ್ಮೆ ಸಾಗುವ ದೂರ, 110 ಮಿಲಿಮೀಟರ್, ನಿಮಿಷಕ್ಕೆ 1500 ಸುತ್ತು. ಅಂದರೆ ಪಿಸ್ಟನ್ ಒಂದು ನಿಮಿಷದಲ್ಲಿ 3000 ಸಲ ನಿಲ್ಲುತ್ತದೆ: 1500 ಸಲ ಮೇಲೆ, 1500 ಸಲ ಕೆಳಗೆ. ನಡುವೆ ಓಡುವಾಗ ಸರಾಸರಿ ವೇಗ ಸೆಕೆಂಡಿಗೆ 5.5 ಮೀಟರ್. ಇದೇ ಲೆಕ್ಕ ಮುಂದುವರಿಸಿದರೆ ಒಂದು ತಾಸಿಗೆ ರಿಂಗು ಗೋಡೆಗೆ ಒರಸಿಕೊಂಡು ಸಾಗುವ ದಾರಿ ಸುಮಾರು 20 ಕಿಲೋಮೀಟರ್. ಬಾವಿಯ ದಂಡೆಯಲ್ಲಿ ಕುಳಿತಲ್ಲೇ ಎಂಟು ತಾಸು ಓಡಿದ ಎಂಜಿನ್ನಿನ ರಿಂಗು ವಿಜಯಪುರದಿಂದ ಬಾಗಲಕೋಟೆಗೆ ಹೋಗಿ, ತಿರುಗಿ ದಾರಿಯ ಬಹುಪಾಲು ಬಂದಷ್ಟು ಸವೆದಾಡಿರುತ್ತದೆ.

ಇನ್ನು ಭಾರ. ಡೀಸೆಲ್ ಉರಿದಾಗ ಇಂಥ ಎಂಜಿನ್ನಿನೊಳಗೆ ಒತ್ತಡ 70 ಬಾರ್ ಆಸುಪಾಸಿಗೆ ಏರುತ್ತದೆ, ಅಂದರೆ ಹೊರಗಿನ ಗಾಳಿಯ ಒತ್ತಡದ 70 ಪಟ್ಟು. 80 ಮಿಲಿಮೀಟರ್ ಅಗಲದ ಪಿಸ್ಟನ್ ತಲೆಯ ಮೇಲೆ ಅದು ಮೂರೂವರೆ ಟನ್ ತೂಕ. ಸೆಕೆಂಡಿಗೆ ಹನ್ನೆರಡೂವರೆ ಸಲ ಈ ಹೊಡೆತ ಬೀಳುತ್ತದೆ. ಬೀಳುವುದು ಯಾವಾಗ? ಪಿಸ್ಟನ್ ಮೇಲ್ತುದಿ ದಾಟಿ ಇನ್ನೇನು ಕೆಳಗೆ ಹೊರಡುತ್ತಿರುವಾಗ. ವೇಗ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ, ಭಾರ ಎಲ್ಲಕ್ಕಿಂತ ಹೆಚ್ಚು, ಬಿಸಿಯೂ ಎಲ್ಲಕ್ಕಿಂತ ಹೆಚ್ಚು.

ಎಣ್ಣೆಗೆ ಈ ಮೂರೂ ವೈರಿಗಳು. ಉರುಳುವ ಗಾಲಿ ಕೀಲೆಣ್ಣೆಯನ್ನು ತಾನೇ ಒಳಗೆ ಎಳೆದುಕೊಂಡು ಅಚ್ಚಿಗೂ ಗುಂಭಕ್ಕೂ ನಡುವೆ ಹಾಸಿಕೊಳ್ಳುವಂತೆ, ಓಡುವ ರಿಂಗು ಕೂಡ ತನ್ನ ಮುಂದಿನ ಎಣ್ಣೆಯನ್ನು ಅಡಿಗೆ ಎಳೆದುಕೊಂಡು ಅದರ ಮೇಲೆ ತೇಲುತ್ತದೆ. ಎಣ್ಣೆಯ ಪದರ ಬದುಕುವುದು ಚಲನೆಯಿಂದ. ಜರ್ಮನಿಯ ರಿಚರ್ಡ್ ಸ್ಟ್ರೈಬೆಕ್ ಬೇರಿಂಗುಗಳ ಮೇಲೆ ಅಳತೆ ಮಾಡಿ 1902ರಲ್ಲಿ ಪ್ರಕಟಿಸಿದ ಗೆರೆ ಇಂದಿಗೂ ಎಂಜಿನಿಯರಿಂಗ್ ಪುಸ್ತಕಗಳಲ್ಲಿದೆ: ವೇಗ ಇಳಿದು ಭಾರ ಏರಿದಂತೆ ಪದರ ತೆಳುವಾಗುತ್ತ ಹೋಗಿ ಒಂದು ಹಂತದಲ್ಲಿ ಲೋಹ ಲೋಹವನ್ನು ಮುಟ್ಟುತ್ತದೆ. ಬೋರಿನ ನಡುವೆ ಕೆಲವು ಮೈಕ್ರಾನ್ ದಪ್ಪ ಇದ್ದ ಎಣ್ಣೆ ಮೇಲ್ತುದಿಯಲ್ಲಿ ಒಂದು ಮೈಕ್ರಾನಿಗೂ ಕೆಳಗೆ ಇಳಿಯುತ್ತದೆ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು.

ರಿಂಗಿನ ಕತೆ ಶುರುವಾಗುವುದು ಉಗಿ ಬಂಡಿಯಲ್ಲಿ. ಆಗಿನ ಪಿಸ್ಟನ್ನುಗಳಿಗೆ ನಾರು ಸುತ್ತಿ ಸಂದು ಮುಚ್ಚುತ್ತಿದ್ದರು. 1850ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ರೈಲ್ವೆ ಎಂಜಿನಿಯರ್ ಜಾನ್ ರಾಮ್ಸ್‌ಬಾಟಮ್ ಲೋಹದ ಬಳೆಯನ್ನು ಒಂದು ಕಡೆ ಕತ್ತರಿಸಿ, ಪಿಸ್ಟನ್ನಿನ ಸುತ್ತಲಿನ ಕೊರಕಿನಲ್ಲಿ ಕೂರಿಸಿದ. ಬೋರಿಗಿಂತ ಸ್ವಲ್ಪ ದೊಡ್ಡದಾದ ಬಳೆಯನ್ನು ಹಿಚುಕಿ ಒಳಗೆ ಬಿಟ್ಟರೆ ಅದು ತನ್ನಷ್ಟಕ್ಕೆ ಅಗಲಗೊಂಡು ಗೋಡೆಗೆ ಒತ್ತಿಕೊಳ್ಳುತ್ತದೆ. ಎಷ್ಟು ಸರಳವೆಂದರೆ ಇಂದಿನ ಟ್ರ್ಯಾಕ್ಟರಿನ ರಿಂಗೂ ಮೂಲದಲ್ಲಿ ಅದೇ.

ಆದರೆ ಅದರ ಸ್ವಂತ ಬಲ ಅಲ್ಪ. ಹಿಚುಕಿದ ರಿಂಗು ಗೋಡೆಯ ಮೇಲೆ ಹಾಕುವ ಒತ್ತಡ ಒಂದೆರಡು ಬಾರ್ ಅಷ್ಟೇ. 70 ಬಾರ್ ಅನಿಲವನ್ನು ಅದು ತಡೆಯುವುದು ಹೇಗೆ? ಅನಿಲದಿಂದಲೇ. ಉರಿದ ಅನಿಲ ಕೊರಕಿನ ಮೇಲಿನ ಸಂದಿನಿಂದ ನುಸುಳಿ ರಿಂಗಿನ ಬೆನ್ನಿಗೆ ಹೋಗಿ ನಿಲ್ಲುತ್ತದೆ, ಅಲ್ಲಿಂದ ರಿಂಗನ್ನು ಗೋಡೆಗೆ ಒತ್ತುತ್ತದೆ. ಹೊರೆ ಹೆಚ್ಚಿದಷ್ಟೂ ಒತ್ತು ಹೆಚ್ಚು, ಒತ್ತು ಹೆಚ್ಚಿದಷ್ಟೂ ಸೋರಿಕೆ ಕಡಿಮೆ. ಇದಕ್ಕಿಂತ ಜಾಣ ಏರ್ಪಾಡು ಎಂಜಿನ್ನಿನಲ್ಲಿ ಇನ್ನೊಂದಿಲ್ಲ ಎನ್ನಬಹುದು. ತೊಂದರೆ ಏನೆಂದರೆ ಅದೇ ಒತ್ತು ಎಣ್ಣೆಯ ಪದರವನ್ನೂ ಹಿಂಡಿ ಹಾಕುತ್ತದೆ.

ಹಾಗಾಗಿ ರಿಂಗಿನ ಮುಖ ಹೇಗಿರಬೇಕು ಎಂಬಲ್ಲಿ ಎಲ್ಲ ಜಾಣ್ಮೆ ಬಂದು ನಿಂತಿತು. ಮೊದಮೊದಲು ಮುಖ ಚಪ್ಪಟೆಯಾಗಿತ್ತು. ಚೆನ್ನಾಗಿ ಓಡಿ ಹಳೆಯದಾದ ರಿಂಗುಗಳನ್ನು ತೆಗೆದು ನೋಡಿದರೆ ಅವುಗಳ ಮುಖ ನಡುವೆ ಸ್ವಲ್ಪ ಉಬ್ಬಿ, ಎರಡೂ ಅಂಚಿಗೆ ಇಳಿದಿರುತ್ತಿತ್ತು. ಎಂಜಿನ್ ತಾನೇ ತಿದ್ದಿಕೊಂಡ ಆ ಆಕಾರವನ್ನು ಈಗ ಕಾರ್ಖಾನೆಯಲ್ಲೇ ಕೊಟ್ಟು ಕಳಿಸುತ್ತಾರೆ. ಉಬ್ಬು ಕೆಲವೇ ಮೈಕ್ರಾನ್. ಆದರೆ ಪಿಸ್ಟನ್ ಮೇಲೆ ಹೋಗಲಿ, ಕೆಳಗೆ ಬರಲಿ, ಎಣ್ಣೆ ಅಡಿಗೆ ಸರಿಯಲು ಇಳಿಜಾರು ಸಿಗುತ್ತದೆ. ತುದಿಯಲ್ಲಿ ನಿಂತಾಗಲೂ ಹಿಂದಿನ ಓಟದಲ್ಲಿ ಎಳೆದ ಎಣ್ಣೆ ಪೂರ್ತಿ ಹಿಂಡಿಹೋಗುವ ಮುನ್ನವೇ ಪಿಸ್ಟನ್ ಹೊರಟಿರುತ್ತದೆ. ಮುಖಕ್ಕೆ ಕ್ರೋಮಿಯಂ ಅಥವಾ ಮಾಲಿಬ್ಡಿನಂ ಲೇಪ, ಇಲ್ಲವೇ ಉಕ್ಕಿನ ರಿಂಗಿಗೆ ನೈಟ್ರೈಡಿಂಗ್. ಎಣ್ಣೆ ಸೋತ ಆ ಒಂದು ಕ್ಷಣ ಲೋಹವೇ ತಡೆದುಕೊಳ್ಳಲಿ ಎಂದು.

ಡೀಸೆಲ್ ಎಂಜಿನ್ನಿನ ಮೇಲಿನ ರಿಂಗಿಗೆ ಇನ್ನೊಂದು ಕಾಟ. ಮೇಲಿನ ಕೊರಕಿನ ಬಿಸಿ 220 ಡಿಗ್ರಿ ಮೀರಿತೆಂದರೆ ಅಲ್ಲಿಯ ಎಣ್ಣೆ ಕರಕಾಗಿ ಗಟ್ಟಿಯಾಗತೊಡಗುತ್ತದೆ. ಕರಕು ಹಿಡಿದ ರಿಂಗು ಅಲ್ಲಾಡದು. ಅಲ್ಲಾಡದ ರಿಂಗು ಒತ್ತಿಕೊಳ್ಳದು. ಅನಿಲ ಕೆಳಗೆ ಸೋರಿ ಬ್ರೀದರಿನಲ್ಲಿ ಹೊಗೆ ಕಾಣುತ್ತದೆ. ಇದಕ್ಕೆ ಮದ್ದಾಗಿ ಬಂದದ್ದು ಬೆಣೆಯಾಕಾರದ ರಿಂಗು, ಹೊರಗೆ ದಪ್ಪ, ಒಳಗೆ ತೆಳು. ಪಿಸ್ಟನ್ ಪ್ರತಿ ಹೊಡೆತಕ್ಕೂ ಅತ್ತಿತ್ತ ಸರಿದಾಗ ಈ ರಿಂಗಿನ ಬದಿಗೂ ಕೊರಕಿಗೂ ನಡುವಿನ ಸಂದು ಬಿಚ್ಚಿ ಮುಚ್ಚಿ, ಕಟ್ಟಿದ ಕರಕನ್ನು ಪುಡಿ ಮಾಡಿ ಹೊರಹಾಕುತ್ತದೆ.

ಎರಡನೆಯ ರಿಂಗಿಗೆ ಎರಡು ಕೆಲಸ: ಮೊದಲನೆಯದನ್ನು ದಾಟಿ ಬಂದ ಅನಿಲ ತಡೆಯುವುದು, ಕೆಳಗೆ ಇಳಿಯುವಾಗ ಹೆಚ್ಚಿನ ಎಣ್ಣೆ ಕೆರೆದು ಒಯ್ಯುವುದು. ಅದಕ್ಕಾಗಿ ಅದರ ಮುಖಕ್ಕೆ ಒಂದೇ ದಿಕ್ಕಿನ ವಾಟ ಕೊಟ್ಟಿರುತ್ತಾರೆ, ಮೇಲ್ಭಾಗ ತಿಳಿಯಲೆಂದು ಬದಿಗೆ ಗುರುತು ಒತ್ತಿರುತ್ತಾರೆ. ಅವಸರದಲ್ಲಿ ತಲೆಕೆಳಗಾಗಿ ಕೂರಿಸಿದರೆ ಅದೇ ರಿಂಗು ಎಣ್ಣೆಯನ್ನು ಮೇಲಕ್ಕೆ ಕೆರೆಯುತ್ತದೆ. ಹೊಸ ಸೆಟ್ ಹಾಕಿದ ವಾರದಲ್ಲೇ ನೀಲಿ ಹೊಗೆ ಬಂದರೆ ರಿಂಗು ಮಾಡಿದ ಕಂಪನಿಯನ್ನು ಬೈಯುವ ಮುಂಚೆ ಇದೊಂದನ್ನು ನೋಡುವುದು ಒಳ್ಳೆಯದು. ಮೂರನೆಯದು ಆಯಿಲ್ ರಿಂಗು. ಒಳಗೆ ಸುರುಳಿ ಸ್ಪ್ರಿಂಗು ಇರುವುದರಿಂದ ಅದಕ್ಕೆ ಅನಿಲದ ಆಸರೆ ಬೇಕಿಲ್ಲ.

ಇಂಥ ರಿಂಗು, ಪಿಸ್ಟನ್ನುಗಳು ಪರದೇಶದಿಂದ ಬರಬೇಕಿಲ್ಲ. ಜರ್ಮನಿಯ ಗೊಯೆಟ್ಜೆ ಕಂಪನಿಯ ಸಹಯೋಗದಲ್ಲಿ 1954ರಲ್ಲಿ ಸ್ಥಾಪನೆಯಾದ ಗೊಯೆಟ್ಜೆ ಇಂಡಿಯಾ, ಮುಂದೆ ಫೆಡರಲ್-ಮೊಗಲ್ ಗೊಯೆಟ್ಜೆ ಎಂದು ಹೆಸರಾದ ಕಂಪನಿ, ಬೆಂಗಳೂರಿನ ಯಲಹಂಕದಲ್ಲಿ ಎರಡನ್ನೂ ತಯಾರಿಸುತ್ತ ಬಂದಿದೆ. ಹೊನವಾಡಕ್ಕೆ ಇನ್ನೂ ಹತ್ತಿರದ ಕೊಲ್ಹಾಪುರದಲ್ಲಿ ಮೆನನ್ ಪಿಸ್ಟನ್ಸ್ ಇದೆ. ಎಂಜಿನ್ ಬ್ಲಾಕುಗಳ ಎರಕಕ್ಕೆ ಬೆಳಗಾವಿಯ ಫೌಂಡ್ರಿಗಳು ಹೆಸರಾಗಿವೆ. ಡಬ್ಬಿಯ ಮೇಲಿನ ಹೆಸರು ಯಾವುದೇ ಇರಲಿ, ಒಳಗಿನ ರಿಂಗಿನ ಒಂದು ಗುಣ ಬರಿಗಣ್ಣಿಗೆ ಕಾಣುವುದಿಲ್ಲ: ಬಿಡುವಾಗಿದ್ದಾಗ ಅದು ದುಂಡಗಿಲ್ಲ. ಹಿಚುಕಿದಾಗ ದುಂಡಗಾಗಿ ಸುತ್ತಲೂ ಬೇಕಾದಷ್ಟೇ ಒತ್ತುವಂತೆ ಲೆಕ್ಕ ಹಾಕಿ ಅದನ್ನು ಅಂಡಾಕಾರದಲ್ಲಿ ಕಡೆದಿರುತ್ತಾರೆ.

ದುಂಡಗಿಲ್ಲದ್ದು ರಿಂಗಷ್ಟೇ ಅಲ್ಲ, ಪಿಸ್ಟನ್ ಕೂಡ.

ಇದು ಕೇಳಲು ವಿಚಿತ್ರ. ದುಂಡಗಿನ ಬೋರಿನಲ್ಲಿ ಓಡುವ ಪಿಸ್ಟನ್ ದುಂಡಗಿರಬೇಡವೇ? ಇರಬೇಕು, ಆದರೆ ಓಡುವಾಗ. ಮೇಜಿನ ಮೇಲೆ ತಣ್ಣಗೆ ಕುಳಿತಾಗಿನ ಆಕಾರಕ್ಕೆ ಬೆಲೆಯಿಲ್ಲ. ಇದರ ಮೂಲ ಪಿಸ್ಟನ್ನಿನ ಲೋಹದಲ್ಲಿದೆ. ಹಿಂದೆ ಪಿಸ್ಟನ್ನುಗಳೂ ಎರಕದ ಕಬ್ಬಿಣದವೇ. 1913ರಲ್ಲಿ ಇಂಗ್ಲೆಂಡಿನ ಡಬ್ಲ್ಯೂ. ಓ. ಬೆಂಟ್ಲಿ ಫ್ರಾನ್ಸಿನ ಡಿ.ಎಫ್.ಪಿ. ಕಾರು ಕಂಪನಿಗೆ ಹೋಗಿದ್ದಾಗ ಅಲ್ಲಿಯ ಮೇಜಿನ ಮೇಲೆ ಕಾಗದ ಹಾರದಂತೆ ಇಟ್ಟಿದ್ದ ಪುಟ್ಟ ಅಲ್ಯೂಮಿನಿಯಂ ಪಿಸ್ಟನ್ ಕಂಡ. ಆಟಿಕೆಯಂತಿದ್ದ ಅದನ್ನು ನೋಡಿ, ನಿಜವಾದ ಎಂಜಿನ್ನಿಗೇ ಯಾಕೆ ಹಾಕಬಾರದು ಎಂದುಕೊಂಡ. ಅಲ್ಯೂಮಿನಿಯಮ್ಮಿಗೆ ತಾಮ್ರ ಬೆರೆಸಿ ಮಾಡಿಸಿದ ಪಿಸ್ಟನ್ನುಗಳಿಂದ ಅವನ ಕಾರುಗಳು ಪಂದ್ಯ ಗೆದ್ದವು. ಮೊದಲ ಮಹಾಯುದ್ಧದ ವಿಮಾನ ಎಂಜಿನ್ನುಗಳಿಗೂ ಆ ವಿದ್ಯೆ ಹೋಯಿತು. ಈಗ ಬಳಕೆಯಲ್ಲಿರುವುದು ಹೆಚ್ಚಾಗಿ ಸುಮಾರು ಶೇಕಡಾ 12ರಷ್ಟು ಸಿಲಿಕಾನ್ ಬೆರೆತ ಅಲ್ಯೂಮಿನಿಯಂ. ಹಗುರ, ಬಿಸಿಯನ್ನು ಬೇಗ ದಾಟಿಸುತ್ತದೆ, ಸಿಲಿಕಾನಿನಿಂದ ಗಡಸುತನವೂ ಬಂತು.

ಹಗುರದ ಜೊತೆ ಬಂದ ಬೇನೆ ಹಿಗ್ಗುವುದು. ಕಬ್ಬಿಣಕ್ಕೆ ಹೋಲಿಸಿದರೆ ಈ ಮಿಶ್ರಲೋಹ ಬಿಸಿಗೆ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ. 80 ಮಿಲಿಮೀಟರ್ ಪಿಸ್ಟನ್ನಿನ ತಲೆ 200 ಡಿಗ್ರಿ ಹೆಚ್ಚು ಕಾದರೆ ಅದರ ಅಗಲ ಸುಮಾರು 0.32 ಮಿಲಿಮೀಟರ್ ಬೆಳೆಯುತ್ತದೆ. ಅದೇ ಹೊತ್ತಿಗೆ ನೂರು ಡಿಗ್ರಿ ಕಾದ ಲೈನರ್ ಹಿಗ್ಗುವುದು 0.09 ಮಾತ್ರ. ತಲೆ ಉರಿಯ ಹತ್ತಿರ, ಸ್ಕರ್ಟ್ ಎನ್ನುವ ಕೆಳಭಾಗ ತಂಪಿನಲ್ಲಿ. ಹಾಗಾಗಿ ತಲೆಯನ್ನು ಸ್ಕರ್ಟಿಗಿಂತ ಚಿಕ್ಕದಾಗಿ ಕಡೆಯುತ್ತಾರೆ, ಉದ್ದಕ್ಕೂ ನಡುವೆ ನಸು ಉಬ್ಬು ಬಿಡುತ್ತಾರೆ. ಪಿಸ್ಟನ್ನನ್ನು ಕನೆಕ್ಟಿಂಗ್ ರಾಡಿಗೆ ಸೇರಿಸುವ ಪಿನ್ನು ಕೂರುವ ದಿಕ್ಕಿನಲ್ಲಿ ಲೋಹ ಹೆಚ್ಚು, ಹಿಗ್ಗು ಹೆಚ್ಚು; ಮೇಲಿನ ಭಾರಕ್ಕೆ ಸ್ಕರ್ಟ್ ಆ ಕಡೆಗೇ ಅಗಲವಾಗುತ್ತದೆ. ಅದಕ್ಕೆ ಆ ದಿಕ್ಕಿನ ಅಳತೆಯನ್ನು ಮೊದಲೇ ಕಡಿಮೆ ಮಾಡಿ ಅಂಡಾಕಾರ ಕೊಡುತ್ತಾರೆ. ತಣ್ಣಗಿದ್ದಾಗ ಸೊಟ್ಟ, ಬಿಸಿಯೇರಿ ಭಾರ ಹೊತ್ತಾಗ ದುಂಡು. ಪಿಸ್ಟನ್ ಅಳೆಯುವವರು ಸ್ಕರ್ಟಿನ ಮೇಲೆ, ಪಿನ್ನಿಗೆ ಅಡ್ಡವಾಗಿ ಮೈಕ್ರೋಮೀಟರ್ ಹಿಡಿಯಬೇಕಾದದ್ದು ಈ ಕಾರಣಕ್ಕೆ. ಪಿನ್ನಿನ ಗುಂಟ ಹಿಡಿದರೆ ಹೊಸ ಪಿಸ್ಟನ್ನೂ ಸವೆದದ್ದೇ.

ಕನೆಕ್ಟಿಂಗ್ ರಾಡು ಓರೆಯಾಗಿ ಒತ್ತುವುದರಿಂದ ಪಿಸ್ಟನ್ ಒಂದು ಗೋಡೆಗೆ ವಾಲುತ್ತದೆ. ಮೇಲ್ತುದಿಯಲ್ಲಿ ವಾಲುವ ಕಡೆ ಬದಲಾಗುವಾಗ ಗೋಡೆಗೆ ಬಡಿದು "ಟಕ್" ಎನ್ನುತ್ತದೆ. ಪಿನ್ನನ್ನು ನಟ್ಟನಡುವೆ ಇಡದೆ ಕೂದಲೆಳೆಯಷ್ಟು ಬದಿಗೆ ಸರಿಸಿ ಈ ಬಡಿತವನ್ನು ಮೆತ್ತಗೆ ಮಾಡುವುದು ಹಳೆಯ ಉಪಾಯ. ಬೆಳಗಿನ ಚಳಿಯಲ್ಲಿ ಟಕಟಕ ಎಂದು, ಬಿಸಿಯೇರಿದ ಮೇಲೆ ಸುಮ್ಮನಾಗುವ ಎಂಜಿನ್ನಿನಲ್ಲಿ ಸ್ಕರ್ಟಿನ ಸಂದು ಹೆಚ್ಚಾಗಿದೆ ಎಂದು ಅನುಭವಿ ಮಿಸ್ತ್ರಿಗೆ ಕಿವಿಯೇ ಹೇಳುತ್ತದೆ.

ಅಲ್ಯೂಮಿನಿಯಮ್ಮಿನ ಇನ್ನೊಂದು ಬಲಹೀನತೆ ಮೇಲಿನ ಕೊರಕಿನಲ್ಲಿ. ಗಟ್ಟಿ ರಿಂಗು ಆ ಮೆತ್ತನೆ ಲೋಹವನ್ನು ಮೇಲೆ ಕೆಳಗೆ ಕುಟ್ಟಿ ಅಗಲ ಮಾಡುತ್ತದೆ. ಭಾರದ ಡೀಸೆಲ್ ಎಂಜಿನ್ನುಗಳಲ್ಲಿ ಆ ಒಂದು ಕೊರಕಿಗಷ್ಟೇ ನಿಕ್ಕಲ್ ಬೆರೆತ ಎರಕದ ಕಬ್ಬಿಣದ ಬಳೆಯನ್ನು ಪಿಸ್ಟನ್ ಎರಕ ಹೊಯ್ಯುವಾಗಲೇ ಒಳಗೆ ಕೂಡಿಸುತ್ತಾರೆ. ಈ ಕಬ್ಬಿಣದ ಹಿಗ್ಗು ಅಲ್ಯೂಮಿನಿಯಮ್ಮಿಗೆ ಹತ್ತಿರವಾದದ್ದು, ಆದ್ದರಿಂದ ಬಿಡಿಸಿಕೊಳ್ಳುವುದಿಲ್ಲ. ಟರ್ಬೋ ಇರುವ ಎಂಜಿನ್ನುಗಳಲ್ಲಿ ಕೆಳಗಿನಿಂದ ಪಿಸ್ಟನ್ನಿನ ಹೊಟ್ಟೆಗೆ ಎಣ್ಣೆ ಚಿಮ್ಮಿಸಿ ತಂಪು ಮಾಡುವ ಏರ್ಪಾಡೂ ಉಂಟು.

ರಿಂಗಿಗೂ ಪಿಸ್ಟನ್ನಿಗೂ ಇಷ್ಟೆಲ್ಲ ಉಪಚಾರ ನಡೆದ ಮೇಲೆ ಲೈನರಿನ ಸರದಿ. ಬೂದು ಎರಕದ ಕಬ್ಬಿಣದೊಳಗೆ ಗ್ರಾಫೈಟಿನ ತೆಳು ಹೊಪ್ಪಳಿಕೆಗಳು ಇರುತ್ತವೆ. ತಾನೂ ಜಾರು, ಎಣ್ಣೆಗೂ ಇಂಬು. ಬೋರನ್ನು ಕನ್ನಡಿಯಷ್ಟು ನುಣುಪು ಮಾಡಿದರೆ ಒಳ್ಳೆಯದೆಂದು ಹೊರಗಿನವರಿಗೆ ಅನ್ನಿಸಬಹುದು. ಅದು ತಪ್ಪು. ಹೋನಿಂಗ್ ಕಲ್ಲುಗಳು ತಿರುಗುತ್ತ, ಮೇಲೆ ಕೆಳಗೆ ಆಡುತ್ತ ಒಂದನ್ನೊಂದು ಅಡ್ಡ ಕತ್ತರಿಸುವ ಓರೆ ಗೀರುಗಳನ್ನು ಬೇಕೆಂದೇ ಬಿಡುತ್ತವೆ. ರಿಂಗು ನಿಂತ ಗಳಿಗೆಯಲ್ಲಿ ಎಣ್ಣೆ ಅಡಗಿರುವುದು ಆ ಗೀರುಗಳಲ್ಲಿ. ವಿಜಯಪುರದ ಎಂಜಿನಿಯರಿಂಗ್ ವರ್ಕ್ಸುಗಳಲ್ಲಿ ಬೋರಿಂಗ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಿಸುವವರು ಈ ಕೊನೆಯ ಹಂತಕ್ಕೆ ಅವಸರ ಮಾಡಬಾರದು. ಹೋನಿಂಗ್ ಆದ ಮೇಲೆ ಬಿಸಿನೀರು ಸಾಬೂನಿನಿಂದ ತಿಕ್ಕಿ ತೊಳೆಯುವುದಕ್ಕಂತೂ ಸೋಮಾರಿತನ ಸಲ್ಲದು. ಕಲ್ಲಿನ ಪುಡಿ ಗೀರಿನಲ್ಲೇ ಉಳಿದರೆ ಹೊಸ ರಿಂಗನ್ನು ಮೊದಲ ದಿನವೇ ಅರೆಯುತ್ತದೆ. ಸೀಮೆಎಣ್ಣೆಯಲ್ಲಿ ಒರಸಿದರೆ ಅದು ಹೋಗುವುದಿಲ್ಲ.

ಪುಡಿಯ ಮಾತು ಬಂದ ಮೇಲೆ ಧೂಳನ್ನು ಬಿಡುವಂತಿಲ್ಲ. ಈ ಸೀಮೆಯಲ್ಲಿ ಅದೇ ಮುಖ್ಯ ಆರೋಪಿ. ಆ 5 ಅಶ್ವಶಕ್ತಿಯ ಪುಟ್ಟ ಎಂಜಿನ್ನೇ ತಾಸಿಗೆ 20 ಘನ ಮೀಟರಿಗೂ ಹೆಚ್ಚು ಗಾಳಿ ಎಳೆಯುತ್ತದೆ. 45 ಅಶ್ವಶಕ್ತಿಯ ಟ್ರ್ಯಾಕ್ಟರ್ ಅದರ ಆರೇಳು ಪಟ್ಟು. ಎರೆಮಣ್ಣು ಬೆರಳಿಗೆ ಮೆತ್ತಗೆ ಹತ್ತಿದರೂ ಅದು ಬಸಾಲ್ಟ್ ಕಲ್ಲು ಶಿಥಿಲವಾಗಿ ಆದದ್ದು, ಖನಿಜದ ಗಟ್ಟಿ ಕಣಗಳು ಅದರಲ್ಲಿ ಉಳಿದಿರುತ್ತವೆ. ರಸ್ತೆಯ ಗರಸು, ಮರಳು ಬೆರೆತ ಧೂಳಿನಲ್ಲಿ ಸ್ಫಟಿಕದ ಕಣವೂ ಸೇರುತ್ತದೆ. ಸ್ಫಟಿಕ ಎರಕದ ಕಬ್ಬಿಣಕ್ಕಿಂತ ಹಲವು ಪಟ್ಟು ಗಡಸು, ಕ್ರೋಮ್ ಲೇಪಕ್ಕೂ ಬಗ್ಗದು. ಎಣ್ಣೆಯ ಪದರ ಕೆಲವು ಮೈಕ್ರಾನ್, ಕಣ ಐದು ಹತ್ತು ಮೈಕ್ರಾನ್. ಪದರದ ಎರಡೂ ಬದಿಗೆ ಒಟ್ಟಿಗೇ ತಾಗುವ ಕಣವೇ ಅಪಾಯದ್ದು, ಮತ್ತು ಅಷ್ಟು ಸಣ್ಣದು ಕಣ್ಣಿಗೆ ಕಾಣುವುದೂ ಇಲ್ಲ.

ಏರ್ ಕ್ಲೀನರ್ ಇದ್ದೇ ಇದೆಯಲ್ಲ ಎನ್ನಬಹುದು. ಕ್ಲೀನರಿನಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಪೈಪು ಬಿರುಕು ಬಿಟ್ಟರೆ, ಅದರ ಕ್ಲಾಂಪು ಸಡಿಲಾದರೆ, ಕ್ಲೀನರ್ ಎಷ್ಟು ಒಳ್ಳೆಯದಿದ್ದೂ ಫಲವಿಲ್ಲ. ಗಾಳಿ ಸುಲಭದ ದಾರಿ ಹಿಡಿಯುತ್ತದೆ. ಬಿಚ್ಚಿದ ಎಂಜಿನ್ನಿನಲ್ಲಿ ಇದರ ಸಾಕ್ಷಿ ಸಿಗುತ್ತದೆ: ಧೂಳು ಗಾಳಿಯ ಜೊತೆ ಬಂದಿದ್ದರೆ ಮೇಲಿನ ರಿಂಗು, ಬೋರಿನ ಮೇಲ್ಭಾಗ ಹೆಚ್ಚು ತಿಂದಿರುತ್ತದೆ, ಕೊಳೆ ಎಣ್ಣೆಯ ದಾರಿಯಿಂದ ಬಂದಿದ್ದರೆ ಆಯಿಲ್ ರಿಂಗು ಮತ್ತು ಬೇರಿಂಗುಗಳು ಮೊದಲು ಹೋಗಿರುತ್ತವೆ. ಬ್ಲೋವರ್ ಕೆಲಸದ ದಿನಗಳಲ್ಲಿ ಎಣ್ಣೆ ತೊಟ್ಟಿಯ ಕ್ಲೀನರಿನ ಎಣ್ಣೆಯನ್ನು ಕೈಪಿಡಿಯಲ್ಲಿ ಹೇಳಿದ್ದಕ್ಕಿಂತ ಬೇಗ ಬದಲಿಸಬೇಕಾದೀತು. ಕಾಗದದ ಫಿಲ್ಟರನ್ನು ಕಲ್ಲಿಗೆ ಬಡಿದು ಝಾಡಿಸುವ ರೂಢಿ ಮಾತ್ರ ಬಿಡಬೇಕು. ಮಡಿಕೆ ಒಡೆದ ಕಾಗದ ಇದ್ದೂ ಇಲ್ಲದಂತೆ.

ಭಾರವೇ ಎಂಜಿನ್ನಿನ ವೈರಿ ಎಂಬ ತಿಳಿವಳಿಕೆಯೂ ಅರ್ಧ ಸತ್ಯ. ಹೊಸ ರಿಂಗು ಹಾಕಿಸಿದವರು "ಸಾವಕಾಶ ಓಡಲಿ" ಎಂದು ಖಾಲಿ ಎಂಜಿನ್ನನ್ನು ತಾಸುಗಟ್ಟಲೆ ಬಿಡುತ್ತಾರೆ. ಹೊರೆ ಇಲ್ಲದೆ ಅನಿಲದ ಒತ್ತಿಲ್ಲ, ಒತ್ತಿಲ್ಲದೆ ರಿಂಗು ಗೋಡೆಗೆ ಹೊಂದಿಕೊಳ್ಳದು. ಅರೆಬೆಂದ ಡೀಸೆಲೂ ಎಣ್ಣೆಯೂ ಸೇರಿ ಹೋನಿಂಗ್ ಗೀರುಗಳ ಮೇಲೆ ವಾರ್ನಿಷಿನಂಥ ಮೆರುಗು ಕಟ್ಟುತ್ತದೆ; ಆಮೇಲೆ ಆ ಬೋರು ಎಣ್ಣೆ ಕುಡಿಯುವುದನ್ನು ಬಿಡುವುದೇ ಇಲ್ಲ. ಮೊದಲ ತಾಸುಗಳಲ್ಲಿ ಹದವಾದ ಹೊರೆ ಕೊಟ್ಟು, ಏರಿಳಿಸಿ ಓಡಿಸುವುದೇ ಸರಿ. ಅತಿಯಾದ ಹೊರೆಯ ಗುರುತು ಬೇರೆ: ಕರಿ ಹೊಗೆ. ಹೊಗೆಯಾಗಿ ಕಾಣುವುದು ಉರಿಯದೆ ಉಳಿದ ಇಂಧನದ ಮಸಿ. ಅದರ ಜೊತೆಗೇ ಗೋಡೆಯ ಎಣ್ಣೆಯನ್ನು ಡೀಸೆಲ್ ತೊಳೆಯುತ್ತಿರುತ್ತದೆ.

ಬಿಸಿಲ ಸೀಮೆಯೆಂದು ಥರ್ಮೋಸ್ಟಾಟ್ ಕಿತ್ತೊಗೆಯುವ ಪದ್ಧತಿಯೂ ಇದೆ. ಎಂಜಿನ್ ತಂಪಾಗಿದ್ದಷ್ಟೂ ಒಳ್ಳೆಯದೆಂದು ಅವರ ಎಣಿಕೆ. ತಣ್ಣನೆ ಲೈನರಿನ ಮೇಲೆ ಉರಿದ ಅನಿಲದ ನೀರಾವಿ ಇಬ್ಬನಿಯಾಗಿ ಕೂತು, ಇಂಧನದ ಗಂಧಕದೊಡನೆ ಸೇರಿ ಆಮ್ಲವಾಗುತ್ತದೆ, ಲೋಹವನ್ನು ಕೊರೆಯುತ್ತದೆ. 1990ರ ದಶಕದ ಮೊದಲಲ್ಲಿ ದೇಶದ ಡೀಸೆಲಿನಲ್ಲಿ ಶೇಕಡಾ 1ರವರೆಗೂ ಗಂಧಕ ಇರಬಹುದಿತ್ತು. 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ಡೀಸೆಲಿನಲ್ಲಿ ಅದರ ಮಿತಿ ಹತ್ತು ಲಕ್ಷಕ್ಕೆ 10 ಪಾಲು, ಅಂದರೆ ಹಿಂದಿನದರ ಸಾವಿರದಲ್ಲೊಂದು ಭಾಗ. ಹೊಗೆ ತಗ್ಗಿಸಲೆಂದು ಮಾಡಿದ ನಿಯಮ ರಿಂಗುಗಳ ಆಯುಷ್ಯಕ್ಕೂ ಉಪಕಾರ ಮಾಡಿತು. ಥರ್ಮೋಸ್ಟಾಟ್ ಮಾತ್ರ ಇನ್ನೂ ಬೇಕು. ತಣ್ಣನೆ ಎಣ್ಣೆಯಲ್ಲಿ ನೀರು, ಮಸಿ ಹಾಗೇ ಉಳಿಯುತ್ತವೆ.

ಈಗ ಕೃಷ್ಣೆಯ ನೀರು ತುಬಚಿ-ಬಬಲೇಶ್ವರದಂಥ ಏತ ನೀರಾವರಿಗಳಿಂದ ಇತ್ತ ಹತ್ತಿದೆ, ಕೊಳವೆಬಾವಿಗಳಿಗೆ ಕರೆಂಟಿನ ಮೋಟರುಗಳಿವೆ. ದಂಡೆಯ ಹಳೆಯ ಎಂಜಿನ್ನುಗಳಿಗೆ ಕೆಲಸ ಕಡಿಮೆಯಾಯಿತು. ಡೀಸೆಲ್ ಎಂಜಿನ್ನಿನ ಭಾರದ ಕೆಲಸ ಈಗ ಟ್ರ್ಯಾಕ್ಟರುಗಳ ಮೇಲೆ ಬಿದ್ದಿದೆ. ಟ್ರ್ಯಾಕ್ಟರ್ ಬಿಚ್ಚಿದ ದಿನ ಮಾಲೀಕನ ಮುಂದೆ ಬರುವ ಪ್ರಶ್ನೆ ಯಾವಾಗಲೂ ರೊಕ್ಕದ್ದೇ: ರಿಂಗಷ್ಟೇ ಹಾಕಿದರೆ ಸಾಕೋ, ಲೈನರೂ ಬದಲಿಸಬೇಕೋ? ಬೋರ್ ಅಳೆಯುವ ಡಯಲ್ ಗೇಜು ಹಳ್ಳಿಯ ಗ್ಯಾರೇಜಿನಲ್ಲಿ ಇರದಿರಬಹುದು. ಫೀಲರ್ ಗೇಜಿನ ಎಲೆಗಳು ಇರುತ್ತವೆ, ಅಷ್ಟು ಸಾಕು.

ಹೊಸ ರಿಂಗೊಂದನ್ನು ಬರಿ ಬೋರಿನೊಳಗೆ ಬಿಟ್ಟು, ಪಿಸ್ಟನ್ನಿನ ತಲೆಯಿಂದ ನೆಟ್ಟಗೆ ಕೆಳಕ್ಕೆ, ಸವೆಯದ ಜಾಗಕ್ಕೆ ತಳ್ಳಿ ತುದಿಗಳ ನಡುವಿನ ಗ್ಯಾಪು ಅಳೆಯಬೇಕು. ಆಮೇಲೆ ಮೇಲೆ ತಂದು, ಉಗುರಿಗೆ ತಟ್ಟುವ ಆ ಅಂಚಿನ ತುಸು ಕೆಳಗೆ ನಿಲ್ಲಿಸಿ ಮತ್ತೆ ಅಳೆಯಬೇಕು. ಎರಡರ ವ್ಯತ್ಯಾಸವನ್ನು 3.14ರಿಂದ ಭಾಗಿಸಿದರೆ ಬೋರಿನ ಅಗಲ ಮೇಲೆ ಎಷ್ಟು ಹೆಚ್ಚಿದೆ ಎಂದು ಸಿಗುತ್ತದೆ. ಕೆಳಗೆ 0.30 ಇದ್ದ ಗ್ಯಾಪು ಮೇಲೆ 0.61 ಬಂದರೆ ಬೋರು 0.1 ಮಿಲಿಮೀಟರ್ ಅಗಲವಾಗಿದೆ. ಅಂಥ ಬೋರಿನಲ್ಲಿ ಹೊಸ ರಿಂಗು ಪ್ರತಿ ಏರಿಕೆಗೂ ಬಿಚ್ಚಿಕೊಂಡು, ಪ್ರತಿ ಇಳಿತಕ್ಕೂ ಮುಚ್ಚಿಕೊಂಡು, ಕೊರಕಿನೊಳಗೆ ಆಡುತ್ತಲೇ ಇರುತ್ತದೆ. ಅಂಚನ್ನು ಕೆರೆದು ತೆಗೆಯದಿದ್ದರೆ ಅದಕ್ಕೆ ತಲೆ ಬಡಿದು ಮುರಿಯಲೂಬಹುದು. ಆ ಎಂಜಿನ್ನಿನ ಕಂಪನಿ ಕೈಪಿಡಿಯಲ್ಲಿ ಬೋರಿನ ಸವೆತಕ್ಕೆ ಒಂದು ಮಿತಿ ಕೊಟ್ಟಿರುತ್ತದೆ. ಅಳತೆ ಆ ಮಿತಿಯೊಳಗಿದ್ದರೆ ಹೋನಿಂಗ್ ಮಾಡಿಸಿ ರಿಂಗು ಹಾಕಿಸಬಹುದು, ದಾಟಿದ್ದರೆ ಲೈನರ್ ಬದಲಿಸಬೇಕು.